ಹಳದಿ ಟೈರು ಕಲಿತ ಬೇಸಿಗೆ

"ಎರಡು ಮೀಟರ್ ಅಂದ್ರೆ ಎಂತ ಅಂತ ಗ್ರಹಿಸಿದ್ದೀರಿ? ಒಂದು ಆಡು, ಅದರ ಹಿಂದೆ ಅದರ ಮರಿ," ಎಂದರು ಡಾಕ್ಟರ್ ಲೀನಸ್ ಪಿಂಟೋ, ಪರದೆಯ ಮೇಲಿನ ಮೂರು ಗೆರೆಗಳನ್ನು ಪೆನ್ನಿನ ತುದಿಯಿಂದ ತಟ್ಟುತ್ತ. "ನೀಲಿ ಟೈರಿನವ ಆ ಎರಡನ್ನೂ ಹಾಯ್ದು ನಿಲ್ತಾನೆ. ಹಳದಿಯವ ಮೊದಲೇ ನಿಲ್ತಾನೆ. ಇಷ್ಟೇ ವಿಷಯ."

"ಆಡು ರಸ್ತಾದಾಗ ಉದ್ದಕ ನಿಂದ್ರಂಗಿಲ್ಲ ಸರ್, ಅಡ್ಡ ನಿಂದರ್ತದ," ಎಂದಳು ಮಹಾನಂದಾ. "ಅಡ್ಡ ನಿಂತ್ರ ಒಂದು ಮೊಳಾನೂ ಆಗಲ್ಲ."

"ಹಾಗಾದ್ರೆ ನಾಲ್ಕು ಆಡು ಅಂತ ಹಿಡೀರಿ ಮಾರಾಯ್ತಿ! ಹಳದಿ ನಾಲ್ಕು ಆಡು ಉಳಿಸ್ತದೆ. ಈಗ ವರದಿಗೆ ಸಹಿ ಹಾಕ್ತೀರಾ?"

ನಕ್ಕದ್ದು ಪಿಂಟೋ ಒಬ್ಬರೇ. ಮಹಾನಂದಾ ಕುರ್ಚಿಯಲ್ಲಿ ಕೂತಿದ್ದರೂ ಅವಳ ಬಲಗಾಲು ಮಾತ್ರ ಮೇಜಿನ ಕೆಳಗೆ ಸುಮ್ಮನಿರಲಿಲ್ಲ. ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಮೂರು ದಿನದಿಂದ ಹೀಗೇ.

ಮಳಖೇಡ ದಾಟಿ ಕಲಬುರಗಿ ಕಡೆ ಹೊರಟರೆ, ಬಿಟ್ಟುಹೋದ ಹಾಸುಗಲ್ಲಿನ ಗಣಿಗಳ ನಡುವೆ ಈ ಪರೀಕ್ಷಾ ಓಟದ ಹಾದಿ ಇತ್ತು. ಸುತ್ತು ಮೂರು ಕಿಲೋಮೀಟರ್, ಎರಡು ತಿರುವು, ಒಂದು ನೀರು ಬಿಡುವ ಪಟ್ಟಿ. ದೇಶದಲ್ಲಿ ಬೇಸಿಗೆ ಟೈರುಗಳನ್ನು ಹೋಲಿಸಿ ನೋಡಲು ಇದಕ್ಕಿಂತ ಕೆಟ್ಟ ಬಿಸಿಲು ಬೇರೆಲ್ಲೂ ಸಿಗುವುದಿಲ್ಲ ಎಂಬುದೇ ಈ ಜಾಗಕ್ಕಿದ್ದ ದೊಡ್ಡ ಅರ್ಹತೆ. ಏಪ್ರಿಲ್ ಬಂತೆಂದರೆ ಮಧ್ಯಾಹ್ನದ ಡಾಂಬರು ಎಪ್ಪತ್ತೆರಡು ಡಿಗ್ರಿ ಮುಟ್ಟುತ್ತಿತ್ತು. ಅದರ ಮೇಲೆ ಸಾದಾ ಟೈರು ಕಾದ ಹಂಚಿನ ಮೇಲಿನ ಬೆಣ್ಣೆ. ಅದಕ್ಕೇ ಮಧ್ಯಾಹ್ನದ ಕಾಯ್ದೆ ಬಂದದ್ದು. ಬೆಳಗಿನ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಯಾರೂ ಬಯಲಲ್ಲಿ ದುಡಿಯುವಂತಿಲ್ಲ, ಯಾವ ಗಾಡಿಯೂ ರಸ್ತೆಗಿಳಿಯುವಂತಿಲ್ಲ. ವಿನಾಯಿತಿ ಇದ್ದದ್ದು ಆಂಬುಲೆನ್ಸಿಗೆ ಮತ್ತು ಡಯಾಲಿಸಿಸ್ ವ್ಯಾನಿಗೆ ಮಾತ್ರ. ರೋಗ ಕಾಯ್ದೆ ಓದುವುದಿಲ್ಲವಲ್ಲ.

ಆ ವ್ಯಾನುಗಳಿಗೆ ಒಂದು ಟೈರು ಆರಿಸಬೇಕಿತ್ತು. ಕಂಪನಿಗಳ ಹೆಸರು ಕೆರೆದು ತೆಗೆದು, ಪಕ್ಕದಲ್ಲಿ ಒಂದೊಂದು ಬಣ್ಣದ ಗೆರೆ ಎಳೆದು ಕಳಿಸಿದ್ದರು. ಕೆಂಪು, ಹಳದಿ, ನೀಲಿ. ಕೆಂಪಿನದು ಓಟದ ಕುದುರೆಯ ಗುಣ. ಬ್ರೇಕು ಹಾಕಿದರೆ ನೆಲ ಕಚ್ಚಿ ಹಿಡಿಯುತ್ತದೆ, ಆದರೆ ಬೇಗ ಸುಸ್ತಾಗುತ್ತದೆ. ನೀಲಿ ಎಲ್ಲದರಲ್ಲೂ ಹಿಂದೆ, ನೂರಕ್ಕೆ ಎಪ್ಪತ್ತೆಂಟು ಅಂಕ. ಹಳದಿಯದೇ ಬೇರೆ ಕಥೆ. ಅದರ ರಬ್ಬರು ಕಲಿಯುತ್ತಿತ್ತು.

ಪಿಂಟೋ ಅದನ್ನು ಮಹಾನಂದಾಳಿಗೆ ವಿವರಿಸಿದ್ದು ಹೀಗೆ. ಆ ರಬ್ಬರಿನ ಒಳಗೆ ಕೊಂಡಿಗಳಿವೆ. ಹೊಸ ಟೈರನ್ನು ಇಪ್ಪತ್ತು ದಿನ ಬಿಸಿಲಲ್ಲಿ ಇಟ್ಟರೆ ಆ ಕೊಂಡಿಗಳು ಬಿಚ್ಚುತ್ತ ಕೂಡುತ್ತ, ಆ ಊರಿನ ಅತಿ ದೊಡ್ಡ ಬಿಸಿಲು ಎಷ್ಟೆಂದು ಗುರುತು ಹಾಕಿಕೊಳ್ಳುತ್ತವೆ. ಆಮೇಲೆ ಆ ಬಿಸಿಲಿಗೆ ತಕ್ಕ ಹದಕ್ಕೆ ಕೂತುಬಿಡುತ್ತವೆ. ಮತ್ತೆ ತಿದ್ದಲು ಬರುವುದಿಲ್ಲ. ಕಲಿತದ್ದಕ್ಕಿಂತ ಹದಿಮೂರು ಡಿಗ್ರಿ ಹೆಚ್ಚು ಕಾದರೆ ಕೊಂಡಿಗಳೆಲ್ಲ ಒಟ್ಟಿಗೆ ಬಿಗಿದುಕೊಂಡು ಟೈರಿನ ಮೈ ಗಾಜಿನ ಬಳೆಯಂತಾಗುತ್ತದೆ. "ಆದ್ರೆ ಇಲ್ಲಿಯ ಅಂಗಳದಲ್ಲಿ ಇಪ್ಪತ್ತು ಮಧ್ಯಾಹ್ನ ಕಳೆದ ಟೈರು ಎಪ್ಪತ್ತೆರಡು ಕಲ್ತಿರ್ತದೆ. ಅದರ ಮೇಲೆ ಹದಿಮೂರು ಅಂದ್ರೆ ಎಂಬತ್ತೈದು. ಅಷ್ಟು ಬಿಸಿ ನರಕದಲ್ಲಿ ಮಾತ್ರ ಉಂಟು. ಅಲ್ಲಿಗೆ ವ್ಯಾನು ಹೋಗುದಿಲ್ಲ."

ಮಹಾನಂದಾ ಹೂಗಾರಳಿಗೆ ಕಾಲೇಜಿನ ಕಾಗದ ಇರಲಿಲ್ಲ. ಶಹಾಬಾದದಲ್ಲಿ ಅವಳ ಅಪ್ಪನದು ಹಳೆ ಟೈರಿಗೆ ಹೊಸ ಪಟ್ಟಿ ಅಂಟಿಸುವ ಅಂಗಡಿ. ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ, ಉಗುರಿನಿಂದ ಗೀರಿ ತಿಳಿದುಕೊಂಡವಳು ಅವಳು. ಹನ್ನೊಂದು ವರ್ಷದಿಂದ ಇಲ್ಲಿ ಗಾಡಿ ಓಡಿಸುತ್ತಿದ್ದಳು. ಪರದೆಯ ಅಂಕಿ ಒಂದು ಹೇಳಿ ಅವಳ ಕಾಲು ಇನ್ನೊಂದು ಹೇಳಿದರೆ, ಪಿಂಟೋ ಗುಟ್ಟಾಗಿ ಕಾಲಿನ ಮಾತನ್ನೇ ಬರೆದುಕೊಳ್ಳುತ್ತಿದ್ದರು.

"ಒಂದು ಮಾತು ಸರ್," ಎಂದಳು. "ಬೆಳಗ್ಗೆ ಹತ್ತಕ್ಕ ರಸ್ತಾ ಐವತ್ತು ಡಿಗ್ರಿ ಇತ್ತು. ಹಳದಿ ಅಷ್ಟಕ್ಕ ಪೂರಾ ಹದಕ್ಕ ಬಂದದ. ಎಪ್ಪತ್ತೆರಡು ಕಲತಿದ್ರ ಐವತ್ತಕ್ಕ ಸ್ವಲ್ಪರ ಬಿರುಸು ಇರಬೇಕಿತ್ತಲ್ಲ? ಎಳೇ ಬಿಸಲಿಗೇ ಇಷ್ಟು ಮೆತ್ತಗಾದ್ರ ಮಧ್ಯಾಹ್ನಕ್ಕ ಏನು ಉಳಿತದ ಅದರಲ್ಲಿ?"

"ಹಿಡಿತ ಜಾಸ್ತಿ ಆದದ್ದಕ್ಕೂ ದೂರಾ?"

"ಒಂದೇ ಒಂದು ಸಲ ಮಧ್ಯಾಹ್ನ ಒಂದಕ್ಕ ಓಡಿಸಿ ನೋಡ್ತೀನ್ರಿ."

"ಕಾಯ್ದೆ ಉಂಟಲ್ಲ. ನಮಗೆ ವಿನಾಯಿತಿ ಇಲ್ಲ. ಅದಕ್ಕೇ ಅಲ್ವಾ ನಾಳೆಯಿಂದ ಒಂದು ವ್ಯಾನಿಗೆ ಹಾಕಿ ನೋಡುದು?"

ಆ ವ್ಯಾನನ್ನು ಓಡಿಸುವವನು ಅವಳ ಗಂಡ ಬಂಡೆಪ್ಪ. ಸೇಡಂನಿಂದ ಕಲಬುರಗಿಯ ಆಸ್ಪತ್ರೆಗೆ ದಿನಾ ಮಧ್ಯಾಹ್ನ ರೋಗಿಗಳನ್ನು ಒಯ್ಯುವ ಕೆಲಸ ಅವನದು. ಮಹಾನಂದಾ ಪೆನ್ನು ಕೈಗೆತ್ತಿಕೊಂಡಳು, ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ಕೊನೆಗೆ ಸಹಿ ಹಾಕಿದಳು. ಮೂರು ದಿನದ ಅಂಕಿಗಳೆಲ್ಲ ಹೌದು ಎನ್ನುತ್ತಿರುವಾಗ ಬರೀ ಕಾಲು ಬೇಡ ಎನ್ನುತ್ತಿದೆ ಎಂದು ಯಾವ ಕಾಗದದಲ್ಲಿ ಬರೆಯುವುದು?

ಸಂಜೆ ಸೇಡಂನ ಮನೆ ಮುಂದೆ ಬಂಡೆಪ್ಪ ವ್ಯಾನಿನ ಸುತ್ತ ಮದುಮಗನ ಸುತ್ತ ಸುತ್ತಿದಂತೆ ಸುತ್ತುತ್ತಿದ್ದ. ನಾಲ್ಕೂ ಗಾಲಿಗೆ ಹಳದಿ ಗೆರೆಯ ಟೈರು ಬಂದಿತ್ತು.

"ನೋಡಿಲ್ಲಿ, ಕೈ ಇಟ್ರ ಕೈ ಹಿಡ್ಕೋತದ! ನಿನಗಿಂತ ಇದs ಛಲೋ."

"ಅದಕ್ಕs ರೊಟ್ಟಿ ಬಡಿಲಿಕ್ಕೆ ಹೇಳು ಹಂಗಾರ."

ಪುಂಡಿಪಲ್ಯ, ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ ಮುಂದಿಟ್ಟುಕೊಂಡು ಮಾಳಿಗೆಯ ಮೇಲೆ ಊಟಕ್ಕೆ ಕೂತರು. ಮಹಾನಂದಾ ಎರಡು ತುತ್ತು ತಿಂದು ಎದ್ದು ಕೆಳಗೆ ಹೋಗಿ ಟೈರು ಒತ್ತಿ ನೋಡಿ ಬಂದಳು. ಮತ್ತೆರಡು ತುತ್ತು ತಿಂದು ಮತ್ತೆ ಎದ್ದಳು.

"ಏನಾಗ್ಯಾದ ನಿಂಗ? ಬಾಲ ಸುಟ್ಟ ಬೆಕ್ಕಿನಂಗ ಏರತಿ, ಇಳಿತಿ."

"ನಾಳಿ ಒಂದಿನ ಹಳೇ ಟೈರ್ ಮ್ಯಾಲ ಹೋಗು."

"ಹಳೇವು ಬೋಳಾಗಿದ್ದಕ್ಕ ಅಲ್ಲೇನು ಇವು ಹಾಕಿದ್ದು? ಹಂಗಾರ ರಜಾ ಹಾಕ್ಲೇನು? ಗುರುಬಾಯಿ ಟೀಚರಿಗಿ ಏನು ಹೇಳಲಿ? ನನ್ನ ಹೇಂತಿ ಕಾಲು ಕಡಿಲಾಕತ್ತದ, ನೀವು ನಾಡ್ದು ರಕ್ತ ತೊಳ್ಕೋರಿ ಅಂತನಾ?" ಬಂಡೆಪ್ಪ ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. "ನೀನs ಸಹಿ ಮಾಡೀಯಲ್ಲ. ನಿನ್ನ ಸಹಿಗಿಂತ ದೊಡ್ಡ ಸರ್ಟಿಫಿಕೇಟ್ ನಂಗ ಬ್ಯಾಡ."

ಧೈರ್ಯ ಹೇಳಲೆಂದೇ ಅವನು ಆಡಿದ ಮಾತದು. ಅವಳು ರೊಟ್ಟಿ ಬಿಟ್ಟು ಮತ್ತೆ ಕೆಳಗಿಳಿದಳು.

ಮರುದಿನ ಮಧ್ಯಾಹ್ನ ಹನ್ನೆರಡೂಮುಕ್ಕಾಲು. ನಿಯಂತ್ರಣ ಕೊಠಡಿಯ ಕಿಟಕಿಗಳಿಗೆಲ್ಲ ಉಕ್ಕಿನ ಪಟ್ಟಿ ಇಳಿಬಿಟ್ಟಿದ್ದರು. ಒಳಗೆ ತಂಪು ಯಂತ್ರದ ಗುಂಯ್ ಸದ್ದು. ಬಂಡೆಪ್ಪನ ವ್ಯಾನು ಸೇಡಂ ಬಿಟ್ಟು ಹದಿನೈದು ನಿಮಿಷವಾಗಿತ್ತು. ಟೈರಿನೊಳಗಿನ ಚಿಪ್ ಕಳಿಸುವ ಬಿಸಿಯ ನಾಲ್ಕು ಅಂಕಿಗಳು ಪರದೆಯ ಮೂಲೆಯಲ್ಲಿ ನಿಧಾನ ಏರುತ್ತಿದ್ದವು. ಐವತ್ತೇಳು. ಐವತ್ತೆಂಟು.

ಪಿಂಟೋ ಮೀನುಸಾರಿನ ಡಬ್ಬಿ ಬಿಚ್ಚಿದ್ದರು. ಮಹಾನಂದಾಳಿಗೆ ಕೂರಲಾಗಲಿಲ್ಲ. ಗೋಡೆಯಿಂದ ಗೋಡೆಗೆ ನಡೆದಳು. ಮಧ್ಯಾಹ್ನ ಯಾರೂ ತೆರೆಯದ ಕಿಟಕಿಯ ಪಟ್ಟಿಯೊಂದನ್ನು ಬೆರಳಲ್ಲಿ ಎತ್ತಿ ಹೊರಗೆ ಇಣುಕಿದಳು.

ಅಂಗಳದ ಬಿಳಿ ಬಿಸಿಲಲ್ಲಿ ಒಬ್ಬ ಮನುಷ್ಯ ಬಗ್ಗಿ ಏಳುತ್ತಿದ್ದ. ಕಾವಲುಗಾರ ಮಸ್ತಾನಸಾಬ. ತಲೆಗೆ ಒದ್ದೆ ಟವೆಲು, ಕೈಯಲ್ಲಿ ಬಕೀಟು. ಸಾಲಾಗಿ ಬಿಸಿಲಿಗೆ ಇಟ್ಟಿದ್ದ ಮುಂದಿನ ತಂಡದ ಹಳದಿ ಟೈರುಗಳ ಮೇಲೆ ಅವನು ಒದ್ದೆ ಗೋಣಿಚೀಲ ಹೊದಿಸುತ್ತಿದ್ದ. ಮಲಗಿದ ಮಕ್ಕಳಿಗೆ ಹೊದಿಸಿದಂತೆ ಅಂಚುಗಳನ್ನು ಒಳಗೆ ಸಿಕ್ಕಿಸಿ, ಮೇಲೊಂದು ಚೊಂಬು ನೀರು ಚಿಮುಕಿಸಿ ಮುಂದಿನ ಟೈರಿಗೆ ಹೋಗುತ್ತಿದ್ದ.

ಅವಳು ಚಪ್ಪಲಿ ಹಾಕಿಕೊಂಡಳೋ ಇಲ್ಲವೋ, ಹೊರಗೆ ಓಡಿದಳು.

"ಚಾಚಾ, ಏನು ಮಾಡ್ಲಾಕತ್ತಿ?"

"ನೀ ಯಾಕ ಬಂದಿ ತಂಗಿ ಈ ಬಿಸಲಾಗ? ಒಳಗ ನಡಿ." ಮಸ್ತಾನಸಾಬ ಬೆನ್ನು ನೆಟ್ಟಗೆ ಮಾಡಿದ. "ಮೂವತ್ತು ವರ್ಷ ಲಾರಿ ಓಡ್ಸೀನಿ. ನಿಂತ ಲಾರಿ ಗಾಲಿಗಿ ಗೋಣಿ ಹೊಚ್ಚಲಾರದ ನಾ ಒಂದಿನ ರೊಟ್ಟಿ ಮುಟ್ಟಿಲ್ಲ. ಸೊಲ್ಲಾಪುರದಾಗ ಒಮ್ಮಿ ಮರತಿದ್ದೆ. ಮಲಗಿದ್ದಲ್ಲೇ ಢಂ ಅಂತು. ಪಾಪ, ಇವ್ರು ಇಷ್ಟು ತುಟ್ಟಿ ಮಾಲು ತಂದು ಬಯಲಾಗ ಒಗದು ಒಳಗ ಮಲಗ್ತಾರ. ನೋಡಲಿಕ್ಕಾಗಂಗಿಲ್ಲ ನಂಗ."

"ದಿನಾ ಹೊಚ್ತಿಯೇನು?"

"ದಿನಾ. ಸಾಹೇಬ್ರು ಹೊರಗ ಬರೂದ್ರಾಗ ತಗದು ಒಣಗಿಸ್ತೀನಿ. ಅಂಗಳ ಹೊಲಸು ಕಾಣಬಾರದಲ್ಲ."

"ಹೋದ ತಿಂಗಳ ಟೈರಿಗೂ?"

"ಎಲ್ಲಾಕ್ಕೂ. ಕೆಂಪು, ನೀಲಿ, ಹಳದಿ ಅಂತ ನಾ ಭೇದ ಮಾಡಂಗಿಲ್ಲ," ಎಂದ ಮಸ್ತಾನಸಾಬ ಹೆಮ್ಮೆಯಿಂದ.

ಕೆಂಪಿಗೂ ನೀಲಿಗೂ ಅದರಿಂದ ಏನೂ ಆಗುತ್ತಿರಲಿಲ್ಲ. ಅವು ಕಲಿಯುವ ಟೈರುಗಳಲ್ಲ. ಹಳದಿ ಮಾತ್ರ ಇಪ್ಪತ್ತು ದಿನ ಒದ್ದೆ ಗೋಣಿಯ ಕೆಳಗೆ ಮಲಗಿ, ಕಲಬುರಗಿಯ ಬೇಸಿಗೆ ಇಷ್ಟೇ ಎಂದು ನಂಬಿಬಿಟ್ಟಿತ್ತು. ಮುದುಕ ಇನ್ನೂ ಏನೋ ಹೇಳುತ್ತಿದ್ದ. ಅವಳು ಆಗಲೇ ಒಳಗಿದ್ದಳು.

"ಸರ್, ಒದ್ದೆ ಗೋಣಿ ಕೆಳಗ ಟೈರು ಎಷ್ಟು ಕಾಯ್ತದ?"

ಪಿಂಟೋ ಕೇಳಿಸಿಕೊಂಡರು. ಅನ್ನದ ಕೈಯಲ್ಲೇ ಕೀಲಿಮಣೆ ಒತ್ತಿದರು. ಮುಖದ ಬಣ್ಣ ಇಳಿಯಿತು. "ಐವತ್ತೊಂದು. ಹೆಚ್ಚಂದ್ರೆ ಐವತ್ತೊಂದು. ಅಂದ್ರೆ ಅರವತ್ನಾಲ್ಕಕ್ಕೆ..."

ಪರದೆಯಲ್ಲಿ ಅರವತ್ತೊಂದು.

"ನೇರ ಹೋದ್ರೆ ಏನೂ ಆಗುದಿಲ್ಲ," ಎಂದರು ಪಿಂಟೋ, ತಮಗೇ ಹೇಳಿಕೊಳ್ಳುವಂತೆ. "ಮಟ್ಟಸ ರಸ್ತೆಯಲ್ಲಿ ಹಾಗೇ ಉರುಳಿ ಉರುಳಿ ನಿಲ್ತದೆ. ಬ್ರೇಕು ಹಾಕಿದ್ರೆ ಮಾತ್ರ ಮಂಜುಗಡ್ಡೆಯ ಮೇಲೆ ಹಾಕಿದ ಹಾಗೆ. ಇಳಿಜಾರು ಎಲ್ಲಾದ್ರೂ..."

"ಗಣಿ ಇಳಿಜಾರ ಅದ ಅಲ್ಲೇನ್ರಿ! ಸೇತುವೆ ಮುಂಚೆ!"

ಹಳೆ ಗಣಿಯನ್ನು ಸೀಳಿ ಮಾಡಿದ ಹೊಸ ರಸ್ತೆ ಅದು. ಎರಡು ಕಿಲೋಮೀಟರ್ ಇಳಿತ, ಕೊನೆಗೆ ಬಲಕ್ಕೆ ಗಕ್ಕನೆ ತಿರುವು. ತಿರುವಿನ ಆಚೆ ನೀರು ತುಂಬಿದ ಗಣಿಗುಂಡಿ.

ಬಂಡೆಪ್ಪನ ಫೋನು ಹತ್ತುವುದಿಲ್ಲವೆಂದು ಅವಳಿಗೆ ಗೊತ್ತು. ಮಧ್ಯಾಹ್ನದ ವ್ಯಾನುಗಳಲ್ಲಿ ಚಾಲಕನ ಫೋನು ಔಷಧಿಯ ತಂಪು ಪೆಟ್ಟಿಗೆಯೊಳಗೆ ಇರುತ್ತದೆ, ಅದು ನಿಯಮ. ವ್ಯಾನಿನಲ್ಲಿದ್ದ ಗುರುಬಾಯಿ ಟೀಚರ ನಂಬರು ಒತ್ತಿದಳು. ಗಂಟೆ ಹೋಯಿತು, ಹೋಯಿತು, ನಿಂತಿತು.

"ಇದs ನಂಬರಿಗಿ ಹೊಡಿತ ಇರ್ರಿ. ಆಕಿ ಫೋನ್ ಎತ್ತಿದ ಕೂಡ್ಲೆ ನಂಗ ರೇಡಿಯೋದಾಗ ಜೋಡಿಸ್ರಿ," ಎಂದು ಫೋನು ಪಿಂಟೋ ಕೈಗೆ ತುರುಕಿದಳು.

"ಎಲ್ಲಿಗೆ? ಕಾಯ್ದೆ ಉಂಟು!"

"ಕಾಯ್ದೆಗಿ ನೀವು ಉತ್ರ ಕೊಡ್ರಿ."

ಶೆಡ್ಡಿನಲ್ಲಿ ಮೂರು ಕಾರು ಸಾಲಾಗಿ ನಿಂತಿದ್ದವು. ಅವಳ ಕೈ ತಾನಾಗಿ ಕೆಂಪು ಟೈರಿನ ಕಾರಿನ ಬಾಗಿಲಿಗೆ ಹೋಯಿತು. ಎಲ್ಲಕ್ಕಿಂತ ಬೇಗ ನಿಲ್ಲುವುದು ಅದೇ. ಆದರೆ ಹತ್ತು ಕಿಲೋಮೀಟರ್ ಎಳೆದಾಡಿಸಿದ ಮೇಲೆ ಅದರ ಅಂಚು ಅಳಿಸುವ ರಬ್ಬರಿನಂತೆ ಪುಡಿಪುಡಿಯಾಗಿ ಉದುರುವುದನ್ನು ಅವಳು ಮೊನ್ನೆಯೇ ನೋಡಿದ್ದಳು. ಮೊದಲ ಬ್ರೇಕಿಗೆ ಅದು ಸಿಂಹ, ಹತ್ತನೆಯದಕ್ಕೆ ಏನೋ ಯಾರಿಗೆ ಗೊತ್ತು. ನೀಲಿಯನ್ನು ಯಾರೂ ಹೊಗಳಿರಲಿಲ್ಲ, ಅವಳೂ ಹೊಗಳಿರಲಿಲ್ಲ. ಮೂರು ದಿನ ಎಷ್ಟು ಸಲ ಬ್ರೇಕು ಹಾಕಿದರೂ ಅದರ ಅಂಕಿ ಅಲ್ಲಾಡಿರಲಿಲ್ಲ, ಅಷ್ಟೇ. ಎರಡು ಮೀಟರ್ ತಡ, ಆದರೆ ಪ್ರತಿ ಸಲವೂ ಅದೇ ಎರಡು ಮೀಟರ್.

ನೀಲಿಯ ಬಾಗಿಲು ತೆರೆದಳು.

ರಸ್ತೆಯಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಡಾಂಬರಿನ ಮೇಲೆ ಬಿಸಿಲು ನೀರಿನ ಹಾಗೆ ಹರಿಯುತ್ತಿತ್ತು. ಸ್ಟೇರಿಂಗ್ ಅಂಗೈ ಸುಡುತ್ತಿತ್ತು. ಅವಳು ಸೇತುವೆ ದಾಟಿ, ತಿರುವು ಹಿಡಿದು ಏರತೊಡಗಿದಾಗ ರೇಡಿಯೋ ಕರಕರ ಎಂದಿತು.

"ಅರವತ್ತೈದು, ಮಹಾನಂದಾ. ನಾಲ್ಕೂ ಟೈರು. ಟೀಚರ್ ಫೋನು ಎತ್ತಿದ್ರು! ಮಾತಾಡಿ!"

"ಯಾರ್ರೀ ನೀವು, ಹತ್ತು ಸಲ?" ಗುರುಬಾಯಿ ಟೀಚರ ಧ್ವನಿ ನಿದ್ದೆಯಲ್ಲೂ ತರಗತಿಯ ಹಿಂದಿನ ಬೆಂಚು ಮುಟ್ಟುವಂತಿತ್ತು. "ನಮಗ್ಯಾವ ವಿಮಾ ಪಾಲಿಸಿನೂ ಬ್ಯಾಡ. ಕಿಡ್ನಿ ಇಲ್ಲದವರಿಗಿ ವಿಮಾ ಕೊಡ್ತೀರೇನು?"

"ಟೀಚರ್ರೀ, ನಾ ಮಹಾನಂದಾ! ಬಂಡೆಪ್ಪನ ಹೇಂತಿ! ಎಲ್ಲಿದ್ದೀರಿ?"

"ಅಯ್ಯ, ನೀನಾ? ಇಳಿಜಾರ ಸುರು ಆಯ್ತು ನೋಡವ್ವ. ಯಾಕ?"

"ಬ್ರೇಕ್ ಮುಟ್ಟಬ್ಯಾಡ ಅನ್ರಿ! ಟೈರು ಗಾಜಾಗ್ಯಾದ. ಬ್ರೇಕ್ ಒತ್ತಿದ್ರ ಗಾಡಿ ಅಡ್ಡ ತಿರುಗ್ತದ!"

ಆ ಕಡೆ ಗಲಿಬಿಲಿ ಕೇಳಿಸಿತು. ಯಾರೋ ದೇವರ ಹೆಸರು ತೆಗೆದರು. "ಬಾಯಿ ಮುಚ್ಚ್ರಿ ಎಲ್ಲಾರೂ!" ಎಂದು ಟೀಚರು ಗದರಿದರು. ಮತ್ತೆ ಫೋನಿಗೆ ಬಂದಾಗ ಅವರ ಧ್ವನಿ ತಣ್ಣಗಿತ್ತು. "ಹೇಳಿದೆ. ಒಮ್ಮಿ ಒತ್ತಿದ್ದನಂತ, ಹಿಂದಿನ ಗಾಲಿ ಜಾರಿತಂತ, ಬಿಟ್ಟಾನ. ಐವತ್ತರ ಮ್ಯಾಲ ಅದ, ಏರ್ಲಾಕತ್ತದ. ಏನು ಮಾಡಬೇಕು ಕೇಳ್ತಾನ."

ಮಹಾನಂದಾಳಿಗೆ ವ್ಯಾನು ಕಂಡಿತು. ಮೇಲೆ, ಬಿಸಿಲ ಅಲೆಯಲ್ಲಿ ನಡುಗುವ ಬಿಳಿ ಚುಕ್ಕೆ. ಅವಳು ಸ್ಟೇರಿಂಗ್ ಪೂರ್ತಿ ಹೊರಳಿಸಿದಳು. ನೀಲಿ ಟೈರುಗಳು ಕಿರುಚಿ, ಗೊಣಗಿ, ಕಾರನ್ನು ಬಂದ ದಿಕ್ಕಿಗೇ ತಿರುಗಿಸಿ ನಿಲ್ಲಿಸಿದವು. ಈಗ ಇಳಿಜಾರಿನಲ್ಲಿ ಅವಳು ಮುಂದೆ, ಅವನು ಹಿಂದೆ.

"ಟೀಚರ್ರೀ, ಮುಂದಿರೂ ಕಾರು ನಂದು ಅನ್ರಿ. ಸ್ಟೇರಿಂಗ್ ನೆಟ್ಟಗ ಹಿಡ್ಕೊಂಡು ನನ್ನ ಹಿಂದ ಹಾಯಲಿ. ಬಂಪರಿಗಿ ಬಂಪರ್. ಬ್ರೇಕ್ ನಾ ಹಾಕ್ತೀನಿ."

"ನಿಂಗ ಹುಚ್ಚ ಹಿಡದದೇನು ಅಂತಾನವ್ವ."

"ಹೌದನ್ರಿ. ಹಾಯಲಿ ಅನ್ರಿ."

ಕನ್ನಡಿಯಲ್ಲಿ ಬಿಳಿ ಚುಕ್ಕೆ ವ್ಯಾನಿನ ಮೂತಿಯಾಯಿತು, ಗಾಜಿನ ಹಿಂದೆ ಬಂಡೆಪ್ಪನ ಮುಖ ಕಂಡಿತು. ಅವಳು ವೇಗ ಏರಿಸಿದಳು. ಅರವತ್ತು. ಅರವತ್ತೆಂಟು. ಅವನ ವೇಗಕ್ಕೆ ತನ್ನ ವೇಗ ಸರಿಹೊಂದಿಸಿ, ಕೂದಲೆಳೆಯಷ್ಟು ಕಡಿಮೆ ಮಾಡಿದಳು. ಢಬ್ ಎಂದು ತಾಗಿತು. ತಲೆ ಹಿಂದಕ್ಕೆ ಬಡಿಯಿತು. ಆಮೇಲೆ ಮೂರು ಟನ್ನಿನ ವ್ಯಾನು ಅವಳ ಬೆನ್ನ ಮೇಲೆ ಒರಗಿತು.

ಮೂರು ದಿನದಿಂದ ಸುಮ್ಮನಿರದಿದ್ದ ಕಾಲಿಗೆ ಈಗ ನಿಜವಾದ ಪೆಡಲು ಸಿಕ್ಕಿತ್ತು. ಒತ್ತಿದಳು. ಮೆತ್ತಗೆ, ಇನ್ನೂ ಸ್ವಲ್ಪ, ಟೈರು ಅಳತೊಡಗುವ ಅಂಚಿನವರೆಗೆ. ಅಲ್ಲಿ ಹಿಡಿದಳು. ಕಾರು ಎಡಕ್ಕೆ ಎಳೆಯಿತು, ತಿದ್ದಿದಳು. ಸುಟ್ಟ ರಬ್ಬರಿನ ವಾಸನೆ ಒಳಗೆ ನುಗ್ಗಿತು. ಅರವತ್ತು. ಐವತ್ತೆರಡು. ತಿರುವಿನ ಕೆಂಪು ಬಿಳಿ ತಡೆಪಟ್ಟಿ ಕಾಣಿಸಿತು. ಬಿಡಲಿಲ್ಲ, ಹೆಚ್ಚಿಸಲೂ ಇಲ್ಲ. ನಲವತ್ತು. ಹೊಗೆ. ಇಪ್ಪತ್ತೈದು. ಪಟ್ಟಿಯ ಆಚೆ ಹಸಿರು ನೀರು ಕಂಡಿತು. ಹತ್ತು.

ಎರಡು ಗಾಡಿಗಳೂ ಒಂದಕ್ಕೊಂದು ಒರಗಿ ನಿಂತವು. ಪಟ್ಟಿಗೆ ಹದಿನೈದು ಹೆಜ್ಜೆ ಉಳಿದಿತ್ತು.

"ಮಹಾನಂದಾ? ಎಂತ ಆಯ್ತು? ಹೇಳಿ ಮಾರಾಯ್ತಿ!"

"ನಿಂತದ ಸರ್."

"ಎಷ್ಟು ಮೀಟರಿಗೆ?" ಎಂದರು ಪಿಂಟೋ ಅಭ್ಯಾಸಬಲದಿಂದ. ತಕ್ಷಣ, "ಛೆ, ಬಿಡಿ, ಬಿಡಿ. ಎಲ್ಲರೂ ಸರಿ ಇದ್ದಾರಲ್ಲ?" ಸ್ವಲ್ಪ ತಡೆದು ಹೇಳಿದರು, "ಮಸ್ತಾನಸಾಬ್ರಿಗೆ ವಿಷಯ ಗೊತ್ತಾಯ್ತು. ಗೇಟಿನ ಹತ್ರ ಬಿಸಿಲಲ್ಲಿ ನಿಂತಿದ್ದಾರೆ. ಒಳಗೆ ಬನ್ನಿ ಅಂದ್ರೆ ಬರುದಿಲ್ಲ."

"ಅವರಿಗಿ ಏನೂ ಅನ್ನಬ್ಯಾಡ್ರಿ. ಅವ್ರು ಕಾಗದಕ್ಕ ಸಹಿ ಮಾಡಿಲ್ಲ. ಎಲ್ಲಾರೂ ಸುಖವಾಗಿದ್ದಾರ ಅಂತ ಹೇಳಿ ಒಳಗ ಕರ್ಕೊಂಡು ಹೋಗ್ರಿ. ವರದಿ ನಾ ಬಂದು ಬರಸ್ತೀನಿ."

ಅವಳು ಹ್ಯಾಂಡ್‌ಬ್ರೇಕು ಎಳೆದು ಇಳಿದಳು. ಬಂಡೆಪ್ಪ ಬಂದು ಅವಳ ರಟ್ಟೆ ಹಿಡಿದುಕೊಂಡ. ಅಷ್ಟರಲ್ಲಿ ಗುರುಬಾಯಿ ಟೀಚರು ವ್ಯಾನಿನಿಂದ ಇಳಿದರು.

"ಗಂಡ ಹೇಂತಿ ಆಮ್ಯಾಲ ಅಳ್ರಿ. ನನ್ನ ಮಷೀನಿನ ಪಾಳಿ ಒಂದೂವರಿಗಿ ಅದ. ತಪ್ಪಿತಂದ್ರ ನಾಳಿ ಸಂಜಿಗೇ."

ಟೀಚರನ್ನೂ ಉಳಿದ ಇಬ್ಬರು ರೋಗಿಗಳನ್ನೂ ನೀಲಿ ಟೈರಿನ ಕಾರಿಗೆ ಹತ್ತಿಸಿದರು. ಟೀಚರು ಕೇಳದೆಯೇ ಮುಂದಿನ ಸೀಟು ಹಿಡಿದರು. ಮಹಾನಂದಾ ಬಗ್ಗಿ ಕಾರಿನ ನಾಲ್ಕೂ ಟೈರು ನೋಡಿದಳು. ಮೇಲ್ಮೈ ಕೆರೆದುಹೋಗಿತ್ತು, ಒಂದರ ಅಂಚು ಹರಿದಿತ್ತು. ಹೆಬ್ಬೆರಳಿಟ್ಟು ಒತ್ತಿದಳು, ಬೆರಳು ಸುಟ್ಟಿತು. ಒಳಗಿನ ರಬ್ಬರು ಗಟ್ಟಿಯಾಗಿತ್ತು.

"ಕಲಬುರಗಿ ಮುಟ್ತದೇನು?" ಎಂದ ಬಂಡೆಪ್ಪ.

"ಮೆಲ್ಲಕ ಹೋದ್ರ ಮುಟ್ತದ. ನೀ?"

"ಗಾಡಿ ಬಿಟ್ಟು ಬರಲಿಕ್ಕಾಗಲ್ಲ. ಗಣಿ ಗ್ವಾಡಿ ನೆರಳದ, ಕೂಡ್ತೀನಿ. ನೀರೂ ಅದ."

"ನಾಲ್ಕರತನಕ ಯಾರೂ ಬರಂಗಿಲ್ಲ ಇಲ್ಲಿ."

"ಬರ್ತಾರ. ಮೂರೂವರಿಗಿ ನೀ ಬರ್ತಿ," ಎಂದ. "ಈಗ ಹೋಗು."

ಅವಳು ಕಾರನ್ನು ಹೊರಡಿಸುವ ಮೊದಲೇ ಅವನು ರಸ್ತೆಯಂಚಿನಿಂದ ಒಂದು ದಪ್ಪ ಹಾಸುಗಲ್ಲನ್ನು ಎದೆಗವಚಿ ತಂದು ವ್ಯಾನಿನ ಮುಂದಿನ ಗಾಲಿಗೆ ಆನಿಸಿದ. ಕೈ ಎತ್ತಿ ಸನ್ನೆ ಮಾಡಿದ. ಅವಳು ಬ್ರೇಕು ಬಿಟ್ಟು ನಿಧಾನ ಮುಂದೆ ಸರಿದಳು. ಕನ್ನಡಿಯಲ್ಲಿ ವ್ಯಾನು ಅವಳ ಹಿಂದೆಯೇ ಒಂದು ಬೆರಳಿನಷ್ಟು ಉರುಳಿ, ಕಲ್ಲಿಗೆ ತಾಗಿ ನಿಂತಿತು.